‘ಕಾರ್ಮಿಕ ವರ್ಗದ ಸರ್ವಾಧಿಕಾರ’: ಎರಡು ಪದಗಳ ಬಗ್ಗೆ ಕೇಳಬೇಕಿತ್ತು

ಗೆಳೆಯರೇ, ನಮಸ್ಕಾರ.

ಮಾರ್ಕ್ಸ್‌ವಾದದ ಇತಿಹಾಸದ ಮೇಲಿನ ಒಂದು ಅನುವಾದವನ್ನು ತಿದ್ದುತ್ತಿದ್ದೇನೆ. ಅದರಲ್ಲಿ ಹೆಜ್ಜೆಹೆಜ್ಜೆಗೂ ‘ಡಿಕ್ಟೇಟರ್‌ಶಿಪ್ ಆಫ್ ದಿ ಪ್ರೊಲೆಟೇರಿಯಟ್’ ಬರುತ್ತದೆ. ಕನ್ನಡದಲ್ಲಿ ಇದನ್ನು ‘ಕಾರ್ಮಿಕ ವರ್ಗದ ಸರ್ವಾಧಿಕಾರ’ ಅನ್ನುತ್ತೇವೆ, ಕೆಲವರು ‘ಶ್ರಮಜೀವಿ ವರ್ಗದ ಸರ್ವಾಧಿಕಾರ’ ಅನ್ನುತ್ತಾರೆ. ಅನುವಾದಕರು ‘ಸರ್ವಾಧಿಕಾರ’ ಬೇಡ, ಓದುವವರು ಹೆದರುತ್ತಾರೆ, ‘ಆಳ್ವಿಕೆ’ ಸಾಕು ಅಂತಾರೆ. ನನಗೆ ಒಪ್ಪಿಗೆಯಿಲ್ಲ. ಕಾರಣ ಹೇಳುತ್ತೇನೆ, ನೀವೂ ಹೇಳಿ.

ಅವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಇವತ್ತು ‘ಸರ್ವಾಧಿಕಾರಿ’ ಅಂದರೆ ಕಣ್ಣ ಮುಂದೆ ಬರುವುದು ಹಿಟ್ಲರ್, ಮುಸೊಲಿನಿ. ಒಬ್ಬನೇ ಆಳುವವನು, ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. 1850ರ ಸುಮಾರಿಗೆ ಮಾರ್ಕ್ಸ್ ಈ ಪದ ಬಳಸಿದಾಗ ಅದಕ್ಕೆ ರೋಮ್‌ನ ನೆನಪು ಜಾಸ್ತಿ ಅಂಟಿಕೊಂಡಿತ್ತು. ರೋಮನ್ ಗಣರಾಜ್ಯದಲ್ಲಿ ಯುದ್ಧ, ದಂಗೆ ಬಂದಾಗ ಒಬ್ಬನನ್ನು ‘ಡಿಕ್ಟೇಟರ್’ ಅಂತ ನೇಮಿಸುತ್ತಿದ್ದರು. ಅವಧಿ ಹೆಚ್ಚೆಂದರೆ 6 ತಿಂಗಳು. ಕೆಲಸ ಮುಗಿಯಿತೋ, ಅವನು ಇಳಿಯಬೇಕು. ಸೀಸರ್ ಜೀವನಪೂರ್ತಿ ಡಿಕ್ಟೇಟರ್ ಆದದ್ದು ಆ ಕಟ್ಟಳೆ ಮುರಿದೇ. 1852ರಲ್ಲಿ ತನ್ನ ಗೆಳೆಯ ವೇಡೆಮೇಯರ್‌ಗೆ ಬರೆದ ಪತ್ರದಲ್ಲೂ ಮಾರ್ಕ್ಸ್ ಇದನ್ನು ವರ್ಗಗಳೇ ಇಲ್ಲದ ಸಮಾಜಕ್ಕೆ ದಾಟಿಕೊಳ್ಳುವ ಘಟ್ಟ ಅಂತಲೇ ಹೇಳುತ್ತಾನೆ. ‘ಸ್ವಲ್ಪ ಕಾಲಕ್ಕೆ’ ಅನ್ನುವ ಈ ಅರ್ಥ ನಮ್ಮ ‘ಸರ್ವಾಧಿಕಾರ’ದಲ್ಲಿ ಎಲ್ಲೂ ಇಲ್ಲ, ನಿಜ.

ಆದರೂ ಬದಲಿಸಬಾರದು ಅನ್ನಲು ನನಗೆ ದೊಡ್ಡ ಆಧಾರ ಪ್ಯಾರಿಸ್ ಕಮ್ಯೂನ್. ಪ್ಯಾರಿಸ್ಸಿನ ಜನ ಫ್ರಾನ್ಸ್ ಸರ್ಕಾರದ ವಿರುದ್ಧ ಎದ್ದು ಕಟ್ಟಿಕೊಂಡ, 1871ರ ಮಾರ್ಚ್ 18ರಿಂದ ಮೇ 28ರವರೆಗೆ ಬದುಕಿದ್ದ ಆಡಳಿತ ಅದು. ಮಾರ್ಚ್ 26ರಂದು ಚುನಾವಣೆ ನಡೆಯಿತು. ಆರಿಸಿ ಬಂದವರನ್ನು ವಾಪಸ್ ಕರೆಸಿಕೊಳ್ಳಬಹುದಿತ್ತು. ಅಧಿಕಾರಿಗಳ ಸಂಬಳಕ್ಕೆ ವರ್ಷಕ್ಕೆ 6,000 ಫ್ರಾಂಕ್ ಮಿತಿ ಹಾಕಿದರು. ಬೇಕರಿ ಕೆಲಸಗಾರರಿಗೆ ರಾತ್ರಿ ಪಾಳಿ ತಪ್ಪಿಸಿದರು. ಮುಂದೆ 1891ರಲ್ಲಿ ಮಾರ್ಕ್ಸ್‌ನ ಜೊತೆಗಾರ ಎಂಗೆಲ್ಸ್, ಕಾರ್ಮಿಕ ವರ್ಗದ ಸರ್ವಾಧಿಕಾರ ಅಂದರೆ ಹೇಗಿರುತ್ತದೆ ಅಂತ ಕೇಳುವವರು ಪ್ಯಾರಿಸ್ ಕಮ್ಯೂನನ್ನು ನೋಡಲಿ, ಅದೇ ಇದು ಅಂತ ಬರೆದ. ಇದು ಎಲ್ಲರೂ ಎತ್ತುವ ಮಾತು.

ಯಾರೂ ಅಷ್ಟಾಗಿ ಎತ್ತದ್ದು ಇನ್ನೊಂದಿದೆ. ವರ್ಸೇಲ್ಸ್‌ನಲ್ಲಿದ್ದ ಫ್ರಾನ್ಸ್ ಸರ್ಕಾರದ ಸೇನೆ ಒತ್ತಿ ಬರುತ್ತಿದ್ದಾಗ ಕಮ್ಯೂನಿನ ಬಹುಮತದವರು ‘ಸಾರ್ವಜನಿಕ ರಕ್ಷಣಾ ಸಮಿತಿ’ ಅಂತ ಒಂದನ್ನು ಕಟ್ಟಿ ಅದಕ್ಕೆ ಭಾರಿ ಅಧಿಕಾರ ಕೊಟ್ಟರು. ಅಲ್ಪಮತದವರು ಮೇ ತಿಂಗಳಲ್ಲಿ ಹೇಳಿಕೆ ಕೊಟ್ಟು ಪ್ರತಿಭಟಿಸಿದರು: ಕಮ್ಯೂನ್ ತನ್ನ ಅಧಿಕಾರವನ್ನು ಒಂದು ಡಿಕ್ಟೇಟರ್‌ಶಿಪ್‌ಗೆ ಒಪ್ಪಿಸಿಬಿಟ್ಟಿದೆ ಅಂತ. ಸಹಿ ಹಾಕಿದವರಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದಿಂದ ಬಂದ ವಾರ್ಲಿನ್ ಒಬ್ಬ. ಅವನನ್ನು ಮೇ 28ರಂದು ವರ್ಸೇಲ್ಸ್ ಸೈನಿಕರು ಗುಂಡಿಟ್ಟು ಕೊಂದರು. ನೋಡಿ, ಕಮ್ಯೂನಿಗಾಗಿ ಪ್ರಾಣ ಕೊಟ್ಟವನ ಬಾಯಲ್ಲಿ ಈ ಪದ ಆಕ್ಷೇಪಣೆ. 20 ವರ್ಷದ ಮೇಲೆ ಎಂಗೆಲ್ಸ್ ಕೈಯಲ್ಲಿ ಅದೇ ಪದ ಹೊಗಳಿಕೆ. ಒಂದು ಕಡೆ ‘ಸರ್ವಾಧಿಕಾರ’, ಇನ್ನೊಂದು ಕಡೆ ‘ಆಳ್ವಿಕೆ’ ಅಂತ ಹಾಕಿದರೆ ಕನ್ನಡದ ಓದುಗನಿಗೆ ಈ ಜಗಳ ಕಾಣಿಸುವುದೇ ಇಲ್ಲ.

ರಷ್ಯಾ ಕ್ರಾಂತಿಗೂ ಇದೇ ಮಾತು. 1918ರಲ್ಲಿ ತನ್ನನ್ನು ಟೀಕಿಸಿದ ಮಾರ್ಕ್ಸ್‌ವಾದಿ ಕೌಟ್ಸ್ಕಿಗೆ ಉತ್ತರ ಕೊಡುತ್ತಾ ಲೆನಿನ್, ಇದು ಬಲಪ್ರಯೋಗದಿಂದ ಗೆದ್ದು ಉಳಿಸಿಕೊಳ್ಳುವ, ಯಾವ ಕಾನೂನಿಗೂ ಕಟ್ಟುಬೀಳದ ಅಧಿಕಾರ ಅಂದ. ‘ಆಳ್ವಿಕೆ’ಯಲ್ಲಿ ಆ ಬಿಸಿ ಎಲ್ಲಿದೆ? ಅದೇ ವರ್ಷ ಜರ್ಮನಿಯ ಜೈಲಿನಲ್ಲಿ ಕೂತು ಕ್ರಾಂತಿಕಾರಿ ರೋಸಾ ಲಕ್ಸೆಂಬರ್ಗ್ ಬರೆದಳು: ಸರ್ವಾಧಿಕಾರ ಬೇಕು, ಆದರೆ ಅದು ವರ್ಗದ್ದಾಗಿರಬೇಕು, ಒಂದು ಪಕ್ಷದ್ದೋ ಗುಂಪಿನದ್ದೋ ಆಗಬಾರದು. 1921ರ ಹೊತ್ತಿಗೆ ಲೆನಿನ್‌ನ ಬೊಲ್ಶೆವಿಕ್ ಪಕ್ಷ ತನ್ನೊಳಗಿನ ಬಣಗಳನ್ನೇ ನಿಷೇಧಿಸಿತು. ಅವಳ ಭಯ ಸುಳ್ಳಾಗಲಿಲ್ಲ. ಮುಂದೆ 1976ರಲ್ಲಿ ಫ್ರಾನ್ಸಿನ ಕಮ್ಯೂನಿಸ್ಟ್ ಪಕ್ಷ ತನ್ನ ಮಹಾಧಿವೇಶನದಲ್ಲಿ ಈ ಮಾತನ್ನೇ ಕೈಬಿಟ್ಟಿತು. ಬರೀ ‘ಆಳ್ವಿಕೆ’ ಆಗಿದ್ದರೆ ಅಷ್ಟು ಚರ್ಚೆ ಮಾಡಿ ಕೈಬಿಡುವಂಥದ್ದು ಏನಿತ್ತು ಅಲ್ವಾ?

ಹಾಗಾಗಿ ‘ಸರ್ವಾಧಿಕಾರ’ ಇರಲಿ ಅಂತ ನನ್ನ ಮತ. ಮೃದು ಮಾಡುವುದು ಇತಿಹಾಸಕ್ಕೆ ಬಣ್ಣ ಬಳಿದಂತೆ. ಒಂದೇ ಕೋರಿಕೆ, ‘ವರ್ಗ’ವನ್ನು ಮಾತ್ರ ಬಿಡಬೇಡಿ. ‘ಕಾರ್ಮಿಕ ಸರ್ವಾಧಿಕಾರ’ ಅಂತ ಸುಮ್ನೆ ಚಿಕ್ಕದು ಮಾಡಿದರೆ ಲಕ್ಸೆಂಬರ್ಗ್ ವಾದವೇ ಬಿದ್ದುಹೋಗುತ್ತದೆ. ಅಂದಹಾಗೆ ತಮಿಳರೂ ‘ಸರ್ವಾಧಿಕಾರಂ’ ಅಂತಾರೆ, ಮಲಯಾಳಿಗಳು ‘ಸರ್ವಾಧಿಪತ್ಯಂ’ ಅಂತಾರೆ. ಬಂಗಾಳಿಯ ‘ಏಕನಾಯಕತ್ವ’ಕ್ಕಿಂತ ಇವೆರಡೂ ವಾಸಿ. ಅದರಲ್ಲಿ ‘ಏಕ’ ಸೇರಿಕೊಂಡು ಒಬ್ಬನೇ ನಾಯಕ ಅನ್ನಿಸಿಬಿಡುತ್ತದೆ. ‘ಆಧಿಪತ್ಯ’ ನಮಗೂ ಒಗ್ಗುತ್ತಿತ್ತು, ಆದರೆ ಇಟಲಿಯ ಚಿಂತಕ ಗ್ರಾಮ್ಶಿಯ ‘ಹೆಜಿಮನಿ’ಗೆ (ಒಂದು ವರ್ಗ ಬರೀ ಬಲದಿಂದಲ್ಲ, ಜನರ ಒಪ್ಪಿಗೆ ಗಳಿಸಿ ಆಳುವುದಕ್ಕೆ) ಅದು ಆಗಲೇ ಬಳಕೆಯಲ್ಲಿದೆ.

ನನಗೆ ನಿಜವಾಗಿ ಉತ್ತರ ಸಿಗದಿರುವುದು ಎರಡನೆಯ ಪದಕ್ಕೆ. ‘ಪ್ರೊಲೆಟೇರಿಯಟ್’ಗೆ ‘ಶ್ರಮಜೀವಿ ವರ್ಗ’, ‘ದುಡಿಯುವ ವರ್ಗ’ ಅಂದರೆ ರೈತರೂ ಒಳಗೆ ಬರುತ್ತಾರೆ. ಮಾರ್ಕ್ಸ್ ಹೇಳುವುದು ಉತ್ಪಾದನೆಯ ಸಾಧನ ಯಾವುದೂ ಕೈಯಲ್ಲಿಲ್ಲದೆ ದುಡಿಮೆಯ ಶಕ್ತಿಯನ್ನೇ ಮಾರಿ ಬದುಕುವವರನ್ನು. ತುಂಡು ಹೊಲ ಇರುವ ರೈತ ಅದಲ್ಲ. 1905ರಲ್ಲಿ ಲೆನಿನ್ ‘ಪ್ರೊಲೆಟೇರಿಯಟ್ ಮತ್ತು ರೈತರ’ ಸರ್ವಾಧಿಕಾರ ಅನ್ನುತ್ತಾನೆ. ‘ದುಡಿಯುವ ವರ್ಗ ಮತ್ತು ರೈತರ’ ಅಂತ ಬರೆದರೆ ರೈತರು ದುಡಿಯುವುದಿಲ್ಲ ಅಂದ ಹಾಗಾಯಿತು! ‘ಕಾರ್ಮಿಕ ವರ್ಗ’ ಇಲ್ಲಿ ಸರಿಹೋಗುತ್ತದೆ. ಆದರೆ ಕೆಲಸವೇ ಸಿಗದವನನ್ನು, ಅಥವಾ ಮಾರ್ಕ್ಸ್ ‘ಲಂಪೆನ್ ಪ್ರೊಲೆಟೇರಿಯಟ್’ ಅನ್ನುವ, ಗಟ್ಟಿ ಕಸುಬಿಲ್ಲದೆ ಸಮಾಜದ ಅಂಚಿನಲ್ಲಿ ಬದುಕುವವರನ್ನು ಕಾರ್ಮಿಕ ಅನ್ನುವುದು ಹೇಗೆ? ಹಿಂದಿ, ಬಂಗಾಳಿಯವರಿಗೆ ‘ಸರ್ವಹಾರಾ’ ಇದೆ, ಎಲ್ಲ ಕಳೆದುಕೊಂಡವನು ಅಂತ. ತನ್ನ ತೋಳ್ಬಲ ಬಿಟ್ಟು ಬೇರೇನೂ ಇಲ್ಲದವನಿಗೆ ಕನ್ನಡದಲ್ಲಿ ಹಳೆಯ ಪದವೋ, ಆಡುಮಾತೋ ನಿಮಗೆ ಗೊತ್ತಿದ್ದರೆ, ಎಲ್ಲಿ ಬಳಕೆಯಲ್ಲಿದೆ ಅನ್ನುವುದನ್ನೂ ಸೇರಿಸಿ ದಯವಿಟ್ಟು ತಿಳಿಸಿ.