ಸಹಾಯ ಬೇಕು: ಕ್ರಿಟಿಕಲ್ ಇಲ್ನೆಸ್ (ಗಂಭೀರ ಕಾಯಿಲೆ) ಪಾಲಿಸಿ ರೈಡರ್ ಆಗಿ, ಅಂದರೆ ಇನ್ನೊಂದು ಪಾಲಿಸಿಗೆ ಜೋಡಿಸಿ ತಗೊಳ್ಳೋದಾ, ಬೇರೆಯಾಗಿಯಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 38 ವರ್ಷ. ಹುಬ್ಬಳ್ಳಿಯಲ್ಲಿ ಸ್ವಂತ ಪ್ರಿಂಟಿಂಗ್ ಅಂಗಡಿ ಇದೆ. 5 ಲಕ್ಷದ ಆರೋಗ್ಯ ವಿಮೆಯೂ ಇದೆ, ಆದರೆ ಅದು ಆಸ್ಪತ್ರೆ ಖರ್ಚಿಗೆ ಮಾತ್ರ. ಕ್ಯಾನ್ಸರ್, ಲಕ್ವ ಅಂತ ತಿಂಗಳುಗಟ್ಟಲೆ ಅಂಗಡಿ ಮುಚ್ಚಿದರೆ ಬಾಡಿಗೆ, ಸಾಲದ ಕಂತು, ಮಕ್ಕಳ ಫೀಸ್ ಎಲ್ಲಿಂದ ಬರಬೇಕು? ಅದಕ್ಕೇ ಕಾಯಿಲೆ ಖಚಿತವಾದಾಗ ಪೂರ್ತಿ ಮೊತ್ತ ಒಟ್ಟಿಗೆ ಕೊಡುವ ಈ ಪಾಲಿಸಿ ನೋಡುತ್ತಿದ್ದೇವೆ.

ಏಜೆಂಟರು ಎಷ್ಟು ಕಾಯಿಲೆ ಸೇರಿವೆ ಅನ್ನೋದನ್ನೇ ಹೇಳುತ್ತಾರೆ. ನನಗೆ ಷರತ್ತುಗಳೇ ಮುಖ್ಯ ಅನಿಸುತ್ತದೆ. ಸಾಮಾನ್ಯವಾಗಿ ಮೊದಲ 90 ದಿನ ಕ್ಲೇಮ್ ಇಲ್ಲ. ಕಾಯಿಲೆ ಗೊತ್ತಾದ ಮೇಲೆ ಹಲವು ಪಾಲಿಸಿಗಳಲ್ಲಿ 30 ದಿನ ಬದುಕಿರಲೇಬೇಕು. ತೀರಾ ಆರಂಭದ ಹಂತದ ಕ್ಯಾನ್ಸರ್, ಸ್ಟೆಂಟ್ ಹಾಕುವ ಆಂಜಿಯೋಪ್ಲಾಸ್ಟಿ ಎಷ್ಟೋ ಕಡೆ ಸೇರೋದೇ ಇಲ್ಲ. ನಮ್ಮ ತಂದೆಗೆ ಹೃದಯದ ತೊಂದರೆ ಇತ್ತು, ಹಾಗಾಗಿ ಇದೇ ಜಾಸ್ತಿ ಚಿಂತೆ.

ಟರ್ಮ್ ಪಾಲಿಸಿಗೆ (ಅವಧಿಯೊಳಗೆ ತೀರಿಕೊಂಡರೆ ಮನೆಯವರಿಗೆ ಹಣ ಕೊಡುವ ಜೀವ ವಿಮೆ) ರೈಡರ್ ಸೇರಿಸೋದು ಒಳ್ಳೆಯದಾ, ಬೇರೆ ಪಾಲಿಸಿಯಾ? ಕೆಲವು ರೈಡರ್‌ಗಳಲ್ಲಿ ಕ್ಲೇಮ್ ಆದಷ್ಟು ಹಣ ಟರ್ಮ್ ಮೊತ್ತದಲ್ಲೇ ಕಡಿತವಾಗುತ್ತದೆ, ಅದು ಬೇಡ. ತಂದೆಯ ವಿಷಯ ಪ್ರಪೋಸಲ್ ಫಾರ್ಮಿನಲ್ಲಿ ಬರೆದೇ ಬರೆಯುತ್ತೇವೆ. ಹಾಗೆ ಬರೆದವರಿಗೆ ಪ್ರೀಮಿಯಂ ಎಷ್ಟು ಏರಿತು? ಕ್ಲೇಮ್ ಮಾಡಿದವರಿದ್ದರೆ ಯಾವ ದಾಖಲೆ ಕೇಳಿದರು ಅಂತ ದಯವಿಟ್ಟು ತಿಳಿಸಿ. ಏಜೆಂಟರೂ ಇಲ್ಲೇ ಉತ್ತರಿಸಿ, ಎಲ್ಲರಿಗೂ ಉಪಯೋಗ ಆಗುತ್ತೆ ಅಲ್ವಾ.