ಶುಂಠಿ ಬಿಯರ್ ಹೆಪ್ಪು ಏಳುತ್ತಿಲ್ಲ: ತೊಂದರೆ ನೀರಿನದೋ, ಸಕ್ಕರೆಯದೋ, ಶುಂಠಿಯದೋ?

ಆಲೂರು_ಹುಡುಗ

ಎಲ್ಲರಿಗೂ ನಮಸ್ಕಾರ. ಶುಂಠಿ ಬಿಯರ್‌ಗೆ, ಅಂದರೆ ಶುಂಠಿ ಸಕ್ಕರೆ ಹುದುಗಿಸಿ ಮಾಡುವ ಸೋಡಾಕ್ಕೆ, ಹೆಪ್ಪು ಹಾಕಿ ವಾರದ ಮೇಲಾಯಿತು. ಒಂದು ಗುಳ್ಳೆಯೂ ಬಂದಿಲ್ಲ.

ಮಾಡಿದ್ದು ಹೀಗೆ. ಗಾಜಿನ ಭರಣಿಯಲ್ಲಿ ಅರ್ಧ ಲೀಟರ್ ನೀರು. ದಿನಾ ಎರಡು ಚಮಚ ಶುಂಠಿ ತುರಿ, ಸಿಪ್ಪೆ ಸಮೇತ. ಅಷ್ಟೇ ಸಕ್ಕರೆ. ಬಾಯಿಗೆ ತೆಳು ಬಟ್ಟೆ ಕಟ್ಟಿದ್ದೇನೆ, ಬೆಳಗ್ಗೆ ಸಂಜೆ ಕಲಕುತ್ತಿದ್ದೇನೆ. ತುರಿ ಎಲ್ಲ ತಳದಲ್ಲೇ ಕೂತಿದೆ. ನೀರು ಪಾಕದ ಹಾಗೆ ಮಂದವಾಗುತ್ತಿದೆ, ಅಂದರೆ ಹಾಕಿದ ಸಕ್ಕರೆ ಹಾಗೇ ಉಳಿಯುತ್ತಿದೆ. ಹುಳಿ ವಾಸನೆ ಇಲ್ಲ. ಕೊಳೆತ ವಾಸನೆಯೂ ಇಲ್ಲ.

ನೀರು ಹಾಸನದ ನಲ್ಲಿ ನೀರು. ಶುಂಠಿ ನಮ್ಮ ಊರ ಕಡೆಯದೇ. ಎಲ್ಲ ಚೆಲ್ಲಿ ಹೊಸದಾಗಿ ಶುರು ಮಾಡಲಾ, ಇನ್ನೂ ಕಾಯಲಾ? ಯುಗಾದಿಗೆ ನಮ್ಮ ಗುಂಪಿನವರೆಲ್ಲ ವಿಡಿಯೋ ಕಾಲ್‌ನಲ್ಲಿ ಒಟ್ಟಿಗೆ ಬಾಟಲಿ ತೆಗೆಯೋಣ ಅಂತ ಮಾತಾಗಿದೆ. ಉಳಿದವರದ್ದೆಲ್ಲ ಉಕ್ಕುತ್ತಿದೆ, ನನ್ನದೊಂದೇ ಮಲಗಿದೆ.

ಮೂಡಿಗೆರೆ_ಮಳೆ

ಚಳಿ ಮಾರಾಯ್ರೇ. ಡಿಸೆಂಬರ್‌ನಲ್ಲಿ ನಮ್ಮಲ್ಲೂ ಹೀಗೇ ಆಗುತ್ತದೆ. ರಾತ್ರಿ 15 ಡಿಗ್ರಿ ಹತ್ತಿರ ಇಳಿದರೆ ಹೆಪ್ಪು ಕಣ್ಣೇ ಬಿಡುವುದಿಲ್ಲ. ಒಲೆ ಪಕ್ಕ ಇಟ್ಟು ನೋಡಿ.

ಆಲೂರು_ಹುಡುಗ

ಚಳಿ ಇರಲಾರದು ಸಾರ್. ಶಿವರಾತ್ರಿ ಮುಗಿದು ಚಳಿ ಶಿವ ಶಿವಾ ಅಂತ ಹೊರಟುಹೋಗಿದೆ. ಅಡುಗೆಮನೆಯಲ್ಲಿ ಮಧ್ಯಾಹ್ನ 28 ಡಿಗ್ರಿ ತೋರಿಸುತ್ತಿದೆ.

ಕಾಫಿಕಣ

ನಲ್ಲಿ ನೀರು ಅಂದಿರಲ್ಲ, ಅಲ್ಲೇ ಇದೆ ಉತ್ತರ. ಗೊರೂರಿನ ಹೇಮಾವತಿ ನೀರು ಎಷ್ಟೇ ಚೆನ್ನಾಗಿದ್ದರೂ ಮನೆಗೆ ಬರುವಷ್ಟರಲ್ಲಿ ಕ್ಲೋರಿನ್ ಸೇರಿರುತ್ತದೆ. ಕ್ರಿಮಿ ಕೊಲ್ಲಲೆಂದೇ ಹಾಕಿದ್ದು ನಿಮ್ಮ ಯೀಸ್ಟನ್ನು ಮಾತ್ರ ಬಿಟ್ಟುಬಿಡುತ್ತದಾ? ಕುದಿಸಿ ಆರಿಸಿ. ಇಲ್ಲದಿದ್ದರೆ ಅಗಲದ ಪಾತ್ರೆಯಲ್ಲಿ ರಾತ್ರಿಯಿಡೀ ತೆರೆದಿಡಿ.

ಸೋಡಾಗೋಲಿ

ಇಷ್ಟೆಲ್ಲ ತಲೆಬಿಸಿ ಯಾಕೆ ಗುರೂ? ಬೇಕರಿ ಯೀಸ್ಟ್ ಒಂದು ಚಿಟಿಕೆ ಹಾಕಿ. ಸಂಜೆಗೆ ನೊರೆ ಗ್ಯಾರಂಟಿ.

ಬುರುಗು

ಆಲೂರಿನವರೇ, ಸ್ವಲ್ಪ ತಡೆಯಿರಿ. ಒಬ್ಬರು ಜಾಗ ಬದಲಿಸಿ ಅಂದರು, ಒಬ್ಬರು ನೀರು, ಇನ್ನೊಬ್ಬರು ಯೀಸ್ಟ್. ಮೂರನ್ನೂ ಒಟ್ಟಿಗೆ ಮಾಡಿದರೆ ಹೆಪ್ಪು ಏಳಬಹುದು. ಆದರೆ ಕೆಟ್ಟಿದ್ದು ಯಾವುದು ಅಂತ ಗೊತ್ತಾಗುವುದೇ ಇಲ್ಲ, ಮುಂದಿನ ಸಲ ಮತ್ತೆ ಇದೇ ಗೋಳು.

ಬೇಕರಿ ಯೀಸ್ಟ್ ಹಾಕಬಾರದು ಅಂತಲ್ಲ. ಗ್ಯಾಸ್ ಬರುತ್ತದೆ. ಆದರೆ ಬ್ರೆಡ್ಡಿನ ವಾಸನೆ ಹೊಡೆಯುತ್ತದೆ, ಆ ಹದವಾದ ಹುಳಿ ಬರುವುದಿಲ್ಲ. ಶುಂಠಿ ಸಿಪ್ಪೆಯ ಮೇಲೆ ತಾನಾಗಿ ಇರುವ ಯೀಸ್ಟ್ ಮತ್ತು ಹುಳಿ ಬರಿಸುವ ಬ್ಯಾಕ್ಟೀರಿಯಾ ಎರಡೂ ಸೇರಿದರೇನೇ ಅದು ಹೆಪ್ಪು. ಸಿಪ್ಪೆ ಹೆರೆಯಬೇಡಿ ಅನ್ನುವುದೂ ಅದಕ್ಕೇ. ನನ್ನ ಕೇಳಿದರೆ ಬೇಕರಿ ಯೀಸ್ಟಿಗೆ ಇಲ್ಲಿ ಒಂದೇ ಕೆಲಸ: ಪತ್ತೇದಾರಿಕೆ.

ಮೂರು ಲೋಟ ತೆಗೆದುಕೊಳ್ಳಿ. ಮೊದಲನೆಯದಕ್ಕೆ ಅದೇ ನಲ್ಲಿ ನೀರು ಉಗುರುಬೆಚ್ಚಗೆ ಮಾಡಿ, ಅದೇ ಸಕ್ಕರೆ, ಒಂದು ಚಿಟಿಕೆ ಒಣ ಯೀಸ್ಟ್. ಎರಡನೆಯದಕ್ಕೆ ನೀರಿನ ಬದಲು ನಿಮ್ಮ ಭರಣಿಯಲ್ಲಿರುವುದನ್ನೇ ಸೋಸಿ ಹಾಕಿ, ಅಷ್ಟೇ ಯೀಸ್ಟ್. ತೀರಾ ಮಂದವಾಗಿದ್ದರೆ ಅರ್ಧಕ್ಕರ್ಧ ನೀರು ಬೆರೆಸಿ, ಸಕ್ಕರೆ ಜಾಸ್ತಿಯಾದರೂ ಯೀಸ್ಟ್ ಮಂಕಾಗುತ್ತದೆ. ಈ ಎರಡರ ಫಲಿತಾಂಶ ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ. ಮೂರನೆಯದಕ್ಕೆ ಯೀಸ್ಟ್ ಬೇಡ. ಅದೇ ನೀರು, ಅದೇ ಸಕ್ಕರೆ, ಆದರೆ ಬೇರೆ ಅಂಗಡಿಯ ಶುಂಠಿ. ಇದಕ್ಕೆ ಮೂರ್ನಾಲ್ಕು ದಿನ ಬೇಕು.

ಒಂದನೇ ಲೋಟ ಉಕ್ಕಿದರೆ ನೀರು, ಸಕ್ಕರೆ ಎರಡೂ ಬಚಾವ್. ಎರಡನೆಯದು ಉಕ್ಕದಿದ್ದರೆ ಮುಂದೆ ಮಾತಾಡೋಣ.

ಆಲೂರು_ಹುಡುಗ

ಮಾಡಿದೆ. ಒಂದನೇ ಲೋಟ ಅರ್ಧ ಗಂಟೆಯಲ್ಲಿ ಕಂದು ನೊರೆ ಕಟ್ಟಿ ಅಂಚಿಗೆ ಬಂತು. ಎರಡನೆಯದರಲ್ಲಿ ನೀರು ಬೆರೆಸಿದರೂ ಯೀಸ್ಟ್ ಬೂದಿಯ ಹಾಗೆ ತಳಕ್ಕೆ ಇಳಿಯಿತು. ಸಂಜೆಯವರೆಗೆ ಹಾಗೇ ಇತ್ತು. ಮೂರನೆಯದನ್ನು ಕಟ್ಟಿನಕೆರೆ ಮಾರ್ಕೆಟ್ಟಿನ ಶುಂಠಿ ಹಾಕಿ ಇಟ್ಟಿದ್ದೇನೆ.

ಕಾಫಿಕಣ

ಹಾಗಾದರೆ ಕ್ಲೋರಿನ್ ಅಲ್ಲ. ನನ್ನ ಮಾತು ವಾಪಸ್. ಆದರೂ ಕುದಿಸುವುದು ಒಳ್ಳೇದೇ.

ಬುರುಗು

ಅಂಗಡಿಯಿಂದ ತಂದ ಬದುಕಿರುವ ಯೀಸ್ಟನ್ನೂ ನಿಮ್ಮ ಭರಣಿ ಕೂರಿಸಿಬಿಟ್ಟಿತು ಅಂದರೆ ಇದು ಹೆಪ್ಪು ನಿಧಾನ ಅನ್ನುವ ಲೆಕ್ಕ ಅಲ್ಲ. ಅದರಲ್ಲಿ ಏನೋ ಸೇರಿದೆ. ಆ ನೀರನ್ನು ಬಾಯಿಗೆ ಹಾಕಬೇಡಿ. ಭರಣಿಯಲ್ಲಿ ಮೊದಲು ಏನಿತ್ತು? ಶುಂಠಿ ಊರ ಕಡೆಯದು ಅಂದಿರಿ, ಸರಿಯಾಗಿ ಎಲ್ಲಿಂದ ಬಂತು?

ಆಲೂರು_ಹುಡುಗ

ಭರಣಿ ಹೊಸದು. ಶುಂಠಿ ಮಾವನ ಮನೆಯಿಂದ ತಂದಿದ್ದು. ಅವರು ಈ ಸಲವೂ ಒಂದು ಎಕರೆ ಹಾಕುತ್ತಿದ್ದಾರೆ. ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಚೀಲ ಚೀಲ ಪೇರಿಸಿದ್ದರು. ಅತ್ತೆ ಒಂದು ಕವರಿಗೆ ತುಂಬಿಕೊಟ್ಟರು.

ಶುಂಠಿ_ಚೀಲ

ಅರಕಲಗೂಡಿನಿಂದ ಬರೆಯುತ್ತಿದ್ದೇನೆ. ಬಿಯರ್ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಶುಂಠಿ ಬಗ್ಗೆ ಗೊತ್ತು. ಈ ಸಮಯದಲ್ಲಿ ರೈತರ ಕೋಣೆಯಲ್ಲಿ ಪೇರಿಸಿದ್ದು ಅಂದರೆ ಅದು ಬಿತ್ತನೆ ಶುಂಠಿ. ತಿನ್ನುವುದಕ್ಕಲ್ಲ.

ಶುಂಠಿಗೆ ಕೊಳೆ ರೋಗ ಬಂದರೆ ಹೊಲಕ್ಕೆ ಹೊಲವೇ ಹೋಗುತ್ತದೆ. ಅದಕ್ಕೆ ಬೀಜೋಪಚಾರ ಮಾಡುತ್ತೇವೆ. ಲೀಟರ್ ನೀರಿಗೆ 3 ಗ್ರಾಂ ಮ್ಯಾಂಕೋಜೆಬ್ ಕಲಸಿ, ಗಡ್ಡೆಯನ್ನು ಅರ್ಧ ಗಂಟೆ ಅದ್ದಿ, ನೆರಳಲ್ಲಿ ಒಣಗಿಸಿ ಇಡುವುದು. ಶೇಖರಿಸುವ ಮೊದಲು ಒಮ್ಮೆ, ನೆಡುವ ಮೊದಲು ಇನ್ನೊಮ್ಮೆ. ಅಂಗಡಿಯಲ್ಲಿ ಎಂ-45 ಅಂದರೆ ಎಲ್ಲರಿಗೂ ಗೊತ್ತು. ಕೆಲವರು ಹುಳಕ್ಕೆ ಅಂತ ಕೀಟನಾಶಕವನ್ನೂ ಅದರಲ್ಲೇ ಸೇರಿಸುತ್ತಾರೆ. ಗಡ್ಡೆಯ ಕವಲು ಸೇರುವ ಸಂದಿಗಳನ್ನು ನೋಡಿ, ಗೊತ್ತಾಗುತ್ತದೆ. ಕೈಗೆ ಗ್ಲೌಸ್ ಇರಲಿ.

ಬುರುಗು

ಅಲ್ಲಿಗೆ ಸಿಕ್ಕಿತು. ಮ್ಯಾಂಕೋಜೆಬ್ ಶಿಲೀಂಧ್ರನಾಶಕ. ಯೀಸ್ಟ್ ಕೂಡ ಶಿಲೀಂಧ್ರವೇ ಅಲ್ವಾ? ಕೊಳೆ ರೋಗಕ್ಕೆ ಹಾಕಿದ್ದು ಹೆಪ್ಪಿಗೂ ತಾಗಿತು. ಎಂಟು ದಿನ ಬಿಟ್ಟರೂ ತುರಿ ಕೊಳೆಯಲಿಲ್ಲ, ಬೂಷ್ಟು ಕೂಡ ಹಿಡಿಯಲಿಲ್ಲ ಅನ್ನುವುದೇ ಅನುಮಾನ ಹುಟ್ಟಿಸಬೇಕಾದ ವಿಷಯ.

ಆಲೂರು_ಹುಡುಗ

ಈಗ ಉಳಿದ ಗಡ್ಡೆಗಳನ್ನು ಕಿಟಕಿ ಹತ್ತಿರ ಇಟ್ಟು ನೋಡಿದೆ. ಮೇಲ್ಮೈ ಬರೀ ಮಣ್ಣಿನ ಬಣ್ಣ. ಆದರೆ ಎರಡು ಬೆರಳು ಕೂಡುವ ಸಂದಿಯಲ್ಲಿ, ಮೊಳಕೆಯ ಕಣ್ಣಿನ ಸುತ್ತ, ಮಾಸಲು ಹಳದಿ ಪುಡಿ ಗೆರೆಯಾಗಿ ಕೂತಿದೆ. ಕಡ್ಡಿಯಲ್ಲಿ ಕೆರೆದರೆ ಸಣ್ಣ ಹಿಟ್ಟಿನ ಹಾಗೆ ಉದುರುತ್ತದೆ. ತುರಿಯುವಾಗ ಶುಂಠಿಯದೇ ಬಣ್ಣ ಅಂತ ಗಮನಿಸಿರಲಿಲ್ಲ.

ಮಾವನಿಗೆ ಫೋನ್ ಮಾಡಿದೆ. "ಅಯ್ಯೋ, ಅದು ಔಷಧಿ ಹಾಕಿದ್ದು ಕಣಪ್ಪಾ! ತಿನ್ನೋ ಶುಂಠಿ ಅಡುಗೆಮನೆ ಬುಟ್ಟಿಲಿತ್ತಲ್ಲ!" ಅಂದರು. ಆಮೇಲೆ ಅತ್ತೆಗೂ ಅವರಿಗೂ ಜೋರು ಮಾತು ಕೇಳಿಸಿತು, ಫೋನ್ ಇಟ್ಟುಬಿಟ್ಟೆ. ಆ ಕವರಿನ ಶುಂಠಿಯನ್ನು ನಾವು ಬೇರೆ ಯಾವುದಕ್ಕೂ ಬಳಸಿಲ್ಲ, ಅದೊಂದು ಪುಣ್ಯ.

ಒಂದು ಪ್ರಶ್ನೆ. ಚೆನ್ನಾಗಿ ತೊಳೆದು, ಸಿಪ್ಪೆ ತೆಗೆದು, ಕುದಿಸಿದರೆ ಉಳಿದದ್ದನ್ನು ಬಳಸಬಹುದಾ? ಒಂದು ಕೆಜಿ ಮೇಲಿದೆ.

ಶುಂಠಿ_ಚೀಲ

ಬೇಡ. ಬೇಕಾದರೆ ಕುಂಡದಲ್ಲಿ ನೆಡಿ, ಅದು ಇರುವುದೇ ಅದಕ್ಕೆ.

ಬುರುಗು

ಖಂಡಿತ ಬೇಡ. ಕುದಿಸಿದರೆ ಎಲ್ಲ ಹೋಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿದೆ. ಮ್ಯಾಂಕೋಜೆಬ್ ಬಿಸಿಗೆ ಒಡೆದು ಇಟಿಯು ಅನ್ನುವ ಇನ್ನೊಂದು ರಾಸಾಯನಿಕ ಆಗುತ್ತದೆ. ಅದು ಥೈರಾಯ್ಡ್‌ಗೆ ಒಳ್ಳೇದಲ್ಲ. ಭರಣಿಯಲ್ಲಿರುವುದನ್ನು ಹಿತ್ತಲಲ್ಲಿ ಗುಂಡಿ ತೋಡಿ ಹೂಳಿ. ಬಾವಿ, ಕೆರೆ ಹತ್ತಿರ ಬೇಡ. ಸಿಹಿ ಇದೆ ಅಂತ ಕಲಗಚ್ಚಿಗೆ ಮಾತ್ರ ಸುರಿಯಬೇಡಿ, ದನ ಕುಡಿದುಬಿಡುತ್ತದೆ. ಗಾಜಿನ ಭರಣಿ ಸೋಪು ಹಾಕಿ ತೊಳೆದರೆ ಸಾಕು. ತುರಿಯುವ ಮಣೆಯನ್ನೂ ಬ್ರಷ್ ಹಾಕಿ ಉಜ್ಜಿ. ಸೋಸಿದ ಬಟ್ಟೆ ಎಸೆಯಿರಿ.

ಹೊಸ ಶುಂಠಿ ಕೊಳ್ಳುವಾಗ ಮಣ್ಣು ಮೆತ್ತಿಕೊಂಡಿರುವುದನ್ನೇ ಆರಿಸಿ. ಮೆಷಿನ್‌ನಲ್ಲಿ ತೊಳೆದು ಹೊಳೆಯುವ ಶುಂಠಿ ನೋಡಲು ಚೆಂದ, ಆದರೆ ಸಿಪ್ಪೆಯ ಜೊತೆ ಯೀಸ್ಟೂ ಉಜ್ಜಿಹೋಗಿರುತ್ತದೆ. ಮಣ್ಣನ್ನು ನಾವೇ ನಿಧಾನವಾಗಿ ತೊಳೆದುಕೊಂಡರಾಯಿತು. ತಳಿ ಯಾವುದಾದರೂ ನಡೆಯುತ್ತದೆ. ರಿಯೋ ಅನ್ನುವ ತಳಿಯಲ್ಲಿ ರಸ ಜಾಸ್ತಿ, ನಾರು ಕಡಿಮೆ, ತುರಿಯುವುದು ಸುಲಭ.

ಸೋಡಾಗೋಲಿ

ಜಿಂಜರ್ ಬಿಯರ್ ಪ್ಲ್ಯಾಂಟ್ ಅಂತ ಆನ್‌ಲೈನ್‌ನಲ್ಲಿ ಮಾರುತ್ತಾರಲ್ಲ, ಅದನ್ನೇ ತರಿಸಿದರೆ ಈ ರಗಳೆ ಇಲ್ಲ ತಾನೇ?

ಕಾಫಿಕಣ

ಅದು ಬೇರೆ ಜಾತಿ. ಸಬ್ಬಕ್ಕಿ ಬೇಯಿಸಿದ ಹಾಗೆ ಕಾಣುವ ಗಟ್ಟಿ ಕಾಳುಗಳು, ಒಂದೇ ಯೀಸ್ಟ್ ಮತ್ತು ಒಂದೇ ಬ್ಯಾಕ್ಟೀರಿಯಾ ಮುಖ್ಯವಾಗಿ ಅಂಟಿಕೊಂಡು ಬದುಕುತ್ತವೆ. ಅದನ್ನು ಬಿಡಿಸಿ ನೋಡಿ 1892ರಲ್ಲಿ ಬರೆದವರು ಮಾರ್ಷಲ್ ವಾರ್ಡ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ. ಕಾಫಿ ನಾಡಿನವನಾಗಿ ಒಂದು ಮಾತು ಸೇರಿಸುತ್ತೇನೆ. ಅದಕ್ಕೂ ಹತ್ತು ವರ್ಷ ಮೊದಲು ಇದೇ ಮನುಷ್ಯ ಸಿಲೋನಿನಲ್ಲಿ ಕಾಫಿಯ ಎಲೆ ತುಕ್ಕು ರೋಗದ ಬೆನ್ನು ಹತ್ತಿದ್ದರು. ಆ ತುಕ್ಕು ಇವತ್ತಿಗೂ ನಮ್ಮ ಅರೇಬಿಕಾ ಗಿಡಗಳನ್ನು ಬಿಟ್ಟಿಲ್ಲ.

ಮಾರುವವರೆಲ್ಲ ಅದನ್ನೇ ಕೊಡುತ್ತಾರೆ ಅಂತ ನಂಬಬೇಡಿ. ಸಕ್ಕರೆ ನೀರನ್ನು ಹುದುಗಿಸುವ ವಾಟರ್ ಕೆಫೀರ್ ಅನ್ನುವ ಬೇರೆ ಕಾಳನ್ನೇ ಆ ಹೆಸರಲ್ಲಿ ಮಾರುವುದುಂಟು. ಶುಂಠಿ ಬೆಳೆಯುವ ಜಿಲ್ಲೆಯಲ್ಲಿ ಕೂತು ಹೆಪ್ಪನ್ನು ದುಡ್ಡು ಕೊಟ್ಟು ತರಿಸುವುದು ನನಗಂತೂ ಒಪ್ಪುವುದಿಲ್ಲ.

ಆಲೂರು_ಹುಡುಗ

ಮೂರನೇ ಲೋಟ ಎದ್ದಿತು! ತುರಿಯೆಲ್ಲ ಮೇಲೆ ತೇಲಿ ಬಂದಿದೆ, ಕಲಕಿದರೆ ಸುಯ್ ಅನ್ನುತ್ತದೆ. ಅದನ್ನೇ ಭರಣಿಗೆ ಹಾಕಿ ಬೆಳೆಸುತ್ತಿದ್ದೇನೆ. ಲೀಟರಿಗೆ 100 ಗ್ರಾಂ ಸಕ್ಕರೆ, ಕುದಿಸಿ ಆರಿಸಿದ ಶುಂಠಿ ನೀರು, ನಿಂಬೆರಸ, ಸೋಸಿದ ಹೆಪ್ಪು ಅರ್ಧ ಲೋಟ ಅಂದುಕೊಂಡಿದ್ದೇನೆ. 650 ಎಂಎಲ್‌ನ ಖಾಲಿ ಬಿಯರ್ ಬಾಟಲಿಗಳಿವೆ, ಕಾರ್ಕ್ ಒತ್ತಿ ದಾರ ಬಿಗಿದರೆ ಸಾಕಾ?

ಬುರುಗು

ಗಾಜು ಬೇಡ. ಲೆಕ್ಕ ಕೇಳಿ, ಆಮೇಲೆ ನೀವೇ ಬೇಡ ಅನ್ನುತ್ತೀರಿ.

ಸಕ್ಕರೆ ಹುದುಗಿದಾಗ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಗ್ಯಾಸ್ ಆಗುತ್ತದೆ, ಅರ್ಧ ಆಲ್ಕೋಹಾಲ್. 4 ಗ್ರಾಂ ಸಕ್ಕರೆಯಿಂದ ಸುಮಾರು ಒಂದು ಲೀಟರ್ ಗ್ಯಾಸ್. ಅಂಗಡಿಯ ಜೋರು ಸೋಡಾದಲ್ಲಿ ಲೀಟರಿಗೆ 4 ಲೀಟರ್‌ನಷ್ಟು ಗ್ಯಾಸ್ ತುಂಬಿರುತ್ತದೆ. ಅಂದರೆ 16 ಗ್ರಾಂ ಸಕ್ಕರೆಯ ಕೆಲಸ. ನೀವು ಹಾಕುತ್ತಿರುವುದು 100 ಗ್ರಾಂ. ಮುಚ್ಚಿದ ಬಾಟಲಿ ಮರೆತುಹೋಗಿ ಎಲ್ಲ ಸಕ್ಕರೆಯೂ ಹುದುಗಿದರೆ 25 ಲೀಟರ್ ಗ್ಯಾಸ್. ಬಿಯರ್ ಬಾಟಲಿ ಅದರ ಕಾಲುಭಾಗವನ್ನೂ ತಡೆಯುವುದಿಲ್ಲ, ಅಟ್ಟದ ಮೇಲೆ ಒಡೆದರೆ ಚೂರು ಗೋಡೆಗೆ ನೆಡುತ್ತದೆ.

ಕೂಲ್‌ಡ್ರಿಂಕ್ಸ್ ಬರುವ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ನೀರಿನ ಬಾಟಲಿ ಅಲ್ಲ, ಅದು ತೆಳು. ಮೇಲೆ ಮೂರು ಬೆರಳು ಜಾಗ ಬಿಡಿ. ದಿನಾ ಎರಡು ಸಲ ಹಿಸುಕಿ ನೋಡಿ. ಹಿಸುಕಲು ಆಗದಷ್ಟು ಗಟ್ಟಿಯಾದ ತಕ್ಷಣ ಫ್ರಿಜ್ಜಿಗೆ. ಈ ಬಿಸಿಲಿಗೆ ಎರಡನೇ ದಿನವೇ ಗಟ್ಟಿಯಾಗಬಹುದು, ಕ್ಯಾಲೆಂಡರ್ ನೋಡಿ ಕೂರಬೇಡಿ. ಫ್ರಿಜ್ಜಿನಲ್ಲಿ ಯೀಸ್ಟ್ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ವಾರದೊಳಗೆ ಮುಗಿಸಿ.

ಸೋಡಾದಷ್ಟು ಗ್ಯಾಸ್ ಬಂದಾಗ ಆಲ್ಕೋಹಾಲ್ ನೂರಕ್ಕೆ ಒಂದರ ಆಸುಪಾಸು ಇರುತ್ತದೆ. ಮನೆಯಲ್ಲಿ ಮಕ್ಕಳಿಗೆ ಕೊಡುವವರು ಅದನ್ನು ತಿಳಿದಿರಿ.

ಹೊಸಬ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ಇಷ್ಟೆಲ್ಲ ಕಷ್ಟಪಡುವ ಬದಲು ಬಾರ್ಲಿ, ಹಾಪ್ಸ್ ತರಿಸಿ ನಿಜವಾದ ಬಿಯರನ್ನೇ ಮಾಡಬಹುದಲ್ಲ?

ಕಾಫಿಕಣ

ಕರ್ನಾಟಕ ಅಬಕಾರಿ ಕಾಯ್ದೆ, 1965. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ. ಮನೆ ಬಳಕೆಗೆ ಅಂದರೂ ಅಷ್ಟೇ. ಬಾರ್ಲಿ ಬಿಯರ್ ರೆಸಿಪಿ ಕೇಳುವವರು ಬೇರೆ ಕಡೆ ಕೇಳಲಿ. ಇಲ್ಲಿ ನಾವು ಸೋಡಾ ಬಂದ ತಕ್ಷಣ ಫ್ರಿಜ್ಜಿಗೆ ಇಡುವ ಜನ.

ಮೂಡಿಗೆರೆ_ಮಳೆ

ನನ್ನ ಹೆಪ್ಪಿನ ಮೇಲೆ ಬಿಳಿ ಪೊರೆ ಕಟ್ಟಿದೆ. ಇದೇ ಎಳೆಯಲ್ಲಿ ಕೇಳಬಹುದಾ?

ಬುರುಗು

ಕೇಳಿ. ತೆಳ್ಳಗೆ, ಸುಕ್ಕು ಸುಕ್ಕಾಗಿ, ಹಾಲಿನ ಕೆನೆಯ ಹಾಗೆ ಇದ್ದರೆ ಅದು ಒಂದು ಬಗೆಯ ಕಾಡು ಯೀಸ್ಟ್. ತೆಗೆದು ಬಿಸಾಕಿ, ದಿನಾ ಸರಿಯಾಗಿ ಕಲಕಿ, ಸಕ್ಕರೆ ಹಾಕುವುದು ತಪ್ಪಿಸಬೇಡಿ. ಹತ್ತಿಯ ಹಾಗೆ ರೋಮ ಎದ್ದಿದ್ದರೆ, ಹಸಿರು ಅಥವಾ ಕಪ್ಪು ಚುಕ್ಕೆ ಇದ್ದರೆ ಅದು ಬೂಷ್ಟು. ಭರಣಿಯಲ್ಲಿರುವುದನ್ನೆಲ್ಲ ಚೆಲ್ಲಿ. ಮೇಲಿಂದ ತೆಗೆದು ಕೆಳಗಿನದು ಉಳಿಸುವ ಜಿಪುಣತನ ಬೇಡ.

ಆಲೂರು_ಹುಡುಗ

ಬಾಟಲಿ ಗಟ್ಟಿಯಾಗಿ ಫ್ರಿಜ್ ಸೇರಿವೆ. ಒಂದನ್ನು ತೆಗೆದು ನೋಡಿದೆ, ಮುಚ್ಚಳ ಕಾಲು ಸುತ್ತು ತಿರುಗಿಸುವಷ್ಟರಲ್ಲೇ ನೊರೆ ಕುತ್ತಿಗೆಗೆ ಬಂತು. ಖಾರ ಚೆನ್ನಾಗಿದೆ, ಸಿಹಿ ಸ್ವಲ್ಪ ಜಾಸ್ತಿ. ಮುಂದಿನ ಸಲ ಸಕ್ಕರೆ ಬದಲು ಬೆಲ್ಲ ಹಾಕಿದರೆ ಹೇಗೆ?

ಬುರುಗು

ರುಚಿ ಚೆನ್ನಾಗಿ ಬರುತ್ತದೆ, ಹೆಪ್ಪಿಗೂ ಇಷ್ಟ. ಆದರೆ ಬಂಗಾರದ ಬಣ್ಣದ ಬೆಲ್ಲ ಬೇಡ. ಬಣ್ಣ ಬರಲಿ ಅಂತ ಆಲೆಮನೆಯಲ್ಲಿ ಹೈಡ್ರೋಸ್ ಅನ್ನುವ ಬಿಳುಪು ಮಾಡುವ ರಾಸಾಯನಿಕ ಹಾಕಿರುವುದುಂಟು. ಅದರಿಂದ ಉಳಿಯುವ ಗಂಧಕದ ಅಂಶಕ್ಕೂ ಯೀಸ್ಟಿಗೂ ಆಗಿಬರುವುದಿಲ್ಲ. ಕಪ್ಪಗಿರುವ ಬೆಲ್ಲ ತಗೊಳ್ಳಿ. ಕರಗಿಸಿ ಸೋಸಿ ಹಾಕಿ, ಕಲ್ಲು ಕಸ ಇರುತ್ತದೆ. ಮೊದಲು ಒಂದು ಲೋಟದಲ್ಲಿ ಯೀಸ್ಟ್ ಹಾಕಿ ಪರೀಕ್ಷೆ ಮಾಡಿ.

ಶುಂಠಿ_ಚೀಲ

ಕಪ್ಪು ಬೆಲ್ಲ ನಮ್ಮ ಪಕ್ಕದ ಊರಿನ ಆಲೆಮನೆಯಲ್ಲಿ ಸಿಗುತ್ತದೆ. ಬೇಕಾದವರು ಮೆಸೇಜ್ ಮಾಡಿ. ಹಾಗೇ ಒಂದು ಬಾಟಲಿ ನನಗೂ ಇಡಿ.