ಓವರ್‌ಸ್ಪೀಡ್ ಚಲನ್ ಬಿದ್ರೆ ಕಾರಿನ ಇನ್ಶೂರೆನ್ಸ್ ದುಬಾರಿ ಆಗ್ತದಾ?

ಪ್ರಶ್ನೆ, ಕೊಪ್ಪಳದಿಂದ: ಹೊಸಪೇಟೆ ಕಡೆ ಹೈವೇದಾಗ ನನ್ನ ಕಾರಿಗೆ ಎರಡು ಓವರ್‌ಸ್ಪೀಡ್ ಚಲನ್ ಬಿದ್ದಾವ್ರಿ. ಮುಂದಿನ ತಿಂಗಳು ಪಾಲಿಸಿ ರಿನೀವಲ್ ಇದೆ. ಪ್ರೀಮಿಯಂ ಏರ್ತದಾ? ಲೈಸೆನ್ಸಿಗೆ ಏನಾರ ತೊಂದರೆನಾ?

ವಿಮಾ ಏಜೆಂಟ್, ಬಳ್ಳಾರಿ:
ಚಲನ್ ಬಿತ್ತು ಅಂತ ಪ್ರೀಮಿಯಂ ಏರಂಗಿಲ್ಲ. ಥರ್ಡ್ ಪಾರ್ಟಿ, ಅಂದ್ರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಯ ವಿಮೆ, ಇದರ ದರ ಸರ್ಕಾರವೇ ಗೊತ್ತುಮಾಡ್ತದೆ. 2022ರ ಜೂನ್ 1ರಿಂದ ಜಾರಿಯಾದ ಪಟ್ಟಿಯಲ್ಲಿ 1000 ಸಿಸಿ ಒಳಗಿನ ಕಾರಿಗೆ 2,094 ರೂ., 1500 ಸಿಸಿವರೆಗೆ 3,416, ಅದರ ಮೇಲೆ 7,897, ಜಿಎಸ್‌ಟಿ ಬೇರೆ. ಯಾರು ಓಡಿಸ್ತಾರೆ, ಹೆಂಗೆ ಓಡಿಸ್ತಾರೆ ಅಂತ ಈ ದರ ನೋಡಲ್ಲ. ಸಂಚಾರ ಉಲ್ಲಂಘನೆಗೆ ಅಂಕ ಹಾಕಿ ಪ್ರೀಮಿಯಂ ಏರಿಸೋಣ ಅಂತ ವಿಮಾ ನಿಯಂತ್ರಕ ಐಆರ್‌ಡಿಎಐನ ಕಾರ್ಯಗುಂಪು 2021ರ ಜನವರಿಯಲ್ಲಿ ಶಿಫಾರಸು ಮಾಡಿತ್ತು, ದಿಲ್ಲಿ ಭಾಗದಲ್ಲಿ ಮೊದಲು ಪ್ರಯೋಗ ಆಗಲಿ ಅಂತ.

ನಿಜವಾದ ಪೆಟ್ಟು ಬೀಳೋದು ವೇಗದಿಂದ ಗುದ್ದಿ ಕ್ಲೇಮ್ ಹಾಕಿದಾಗ. ಎನ್‌ಸಿಬಿ, ಅಂದ್ರೆ ಕ್ಲೇಮ್ ಇಲ್ಲದ ವರ್ಷಗಳ ರಿಯಾಯಿತಿ, ಓನ್ ಡ್ಯಾಮೇಜ್ (ನಿಮ್ಮ ಕಾರಿನ ಹಾನಿಯ ವಿಮೆ) ಭಾಗಕ್ಕೆ ಮಾತ್ರ ಸಿಗ್ತದೆ: 20, 25, 35, 45, ಕೊನೆಗೆ 50 ಶೇಕಡಾ. ಒಂದೇ ಒಂದು ಕ್ಲೇಮ್ ಮಾಡಿದ್ರೂ ಸೊನ್ನೆ. ಓನ್ ಡ್ಯಾಮೇಜ್ 12,000 ರೂ. ಇದ್ದು, ನೀವು 50ರಲ್ಲಿದ್ರೆ ಲೆಕ್ಕ ಹಿಂಗೆ: ಮೊದಲ ವರ್ಷ 6,000 ನಷ್ಟ, ಆಮೇಲೆ 3,600, 3,000, 1,800, 600. ಒಟ್ಟು 15,000, ಮೇಲೆ 18 ಶೇಕಡಾ ಜಿಎಸ್‌ಟಿ ಸೇರಿ 17,700. ಐಡಿವಿ, ಅಂದ್ರೆ ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆ, ವರ್ಷವರ್ಷ ಇಳಿಯೋದರಿಂದ ಸ್ವಲ್ಪ ಕಡಿಮೆ ಆಗಬಹುದು. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿಗೂ 1,000 ನೀವೇ ಹಾಕಬೇಕು. ಅದಕ್ಕೇ 14,000 ರೂಪಾಯಿಯ ಬಂಪರ್ ಕೆಲಸಕ್ಕೆ ಕ್ಲೇಮ್ ಹಾಕ್ಬೇಡ್ರಿ, ಕೈಯಿಂದಲೇ ಕೊಡೋದು ಲಾಭ. ಪಾಲಿಸಿ ಮುಗಿದು 90 ದಿನ ದಾಟಿದ್ರೂ ಎನ್‌ಸಿಬಿ ಹೋಗ್ತದೆ.

ಆರ್‌ಟಿಒ ಕೆಲಸ ಬಲ್ಲವರು, ಗಂಗಾವತಿ:
ಲೈಸೆನ್ಸ್ ವಿಷಯ ಹಗುರ ಮಾಡ್ಕೋಬೇಡ್ರಿ. ಮೋಟಾರು ವಾಹನ ಕಾಯ್ದೆಯ ಕಲಂ 183ರ ಪ್ರಕಾರ ಎರಡನೇ ಸಲ ಸಿಕ್ಕಿಬಿದ್ರೆ ಲೈಸೆನ್ಸ್ ವಶಕ್ಕೆ ತಗೊಂಡು, ಕಲಂ 19ರ ಕ್ರಮಕ್ಕೆ (ಲೈಸೆನ್ಸ್ ಅಮಾನತು ಅಥವಾ ರದ್ದು) ಆರ್‌ಟಿಒಗೆ ಕಳಿಸೋ ಅಧಿಕಾರ ಪೊಲೀಸರಿಗೆ ಇದೆ. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಅತಿವೇಗಕ್ಕೆ ಕನಿಷ್ಠ 3 ತಿಂಗಳ ಅಮಾನತು ಅಂತ ರಾಜ್ಯಗಳಿಗೆ ಹೇಳಿದೆ. ಕ್ಯಾಮೆರಾ ಚಲನ್ ಗಾಡಿ ನಂಬರಿಗೆ ಬೀಳ್ತದೆ. ರಸ್ತೇಲಿ ನಿಲ್ಲಿಸಿ ಹಾಕಿದ್ದು ಲೈಸೆನ್ಸ್ ನಂಬರಿಗೂ ಅಂಟ್ಕೊಬಹುದು. ಆರ್‌ಟಿಒ ನೋಟಿಸ್ ಬಂದ್ರೆ ತಪ್ಪದೇ ಹೋಗ್ರಿ. ನಿಮ್ಮ ಮಾತು ಕೇಳದೆ ಅಮಾನತು ಮಾಡೋ ಹಾಗಿಲ್ಲ.

ನಡುವೆ ಡಿವೈಡರ್ ಇರೋ ನಾಲ್ಕು ಪಥದಲ್ಲಿ ಕಾರಿಗೆ ಕೇಂದ್ರದ ಗರಿಷ್ಠ ಮಿತಿ 100, ಬೇರೆ ರಸ್ತೆಗಳಲ್ಲಿ 70. ಬೋರ್ಡಿನಲ್ಲಿ ಕಡಿಮೆ ಇದ್ರೆ ಬೋರ್ಡೇ ಲೆಕ್ಕ.

ಕ್ಲೇಮ್ ಸರ್ವೇ ಮಾಡುವವರು, ಸಿಂಧನೂರು:
ಮೇಲಿನದಕ್ಕೆ ಒಂದು ಸೇರಿಸ್ತೀನಿ. ಪಾಲಿಸಿಯ ಹೊರಗಿಡುವ ಪಟ್ಟಿಯಲ್ಲಿ ಕುಡಿತ ಇದೆ, ರೇಸು, ಸ್ಪೀಡ್ ಟೆಸ್ಟಿಂಗ್ ಇದೆ. ಬರೀ ಅತಿವೇಗ ಅನ್ನೋದು ಇಲ್ಲ. ಆದರೆ ಅಮಾನತಾದ ಲೈಸೆನ್ಸ್ ಇಟ್ಕೊಂಡು ಓಡಿಸಿದ್ರೆ ಪಾಲಿಸಿಯ ಡ್ರೈವರ್ ಕ್ಲಾಜ್, ಅಂದ್ರೆ ಯಾರು ಓಡಿಸಬಹುದು ಅನ್ನೋ ಷರತ್ತು, ಮುರಿದ ಹಾಗೆ. ನಿಮ್ಮ ಕಾರಿನ ರಿಪೇರಿ ದುಡ್ಡು ಸಿಗೋದು ಕಷ್ಟ, ಎದುರಿನವರಿಗೆ ಕೊಟ್ಟ ಪರಿಹಾರವನ್ನ ಕಂಪನಿ ನಿಮ್ಮಿಂದಲೇ ವಸೂಲಿಗೆ ಬರಬಹುದು. ಸುಗ್ಗಿ ಟೈಮಿನಾಗ ಸಿರಗುಪ್ಪ, ಸಿಂಧನೂರು ರಸ್ತೆಯ ಮೇಲೇ ಭತ್ತ ಒಣಗಿಸಿರ್ತಾರೆ. ಅದರ ಮೇಲೆ ವೇಗದಾಗ ಬ್ರೇಕ್ ಹಾಕಿದ್ರೆ ಟೈರ್ ಹಿಡಿಯಂಗಿಲ್ಲ, ಜಾರಿ ಎದುರಿನ ಬೈಕಿನವರಿಗೆ ಹೊಡೀತದೆ.

ರಾಯಚೂರಿನವರು:
ಮಹಬೂಬ್‌ನಗರದ ಮೇಲೆ ಹೈದರಾಬಾದಿಗೆ ಹೋಗೋರು ತೆಲಂಗಾಣ ಪೊಲೀಸರ ಇ-ಚಲನ್ ಪುಟವನ್ನೂ ಬೇರೆಯಾಗಿ ನೋಡ್ರಿ, ಪರಿವಾಹನದ (ಕೇಂದ್ರ ಸಾರಿಗೆ ಇಲಾಖೆಯ ವೆಬ್‌ಸೈಟ್) ಪುಟ ಒಂದನ್ನೇ ನಂಬಬೇಡ್ರಿ. ಆರ್‌ಸಿಯಲ್ಲಿ ಹಳೇ ಮೊಬೈಲ್ ನಂಬರ್ ಇದ್ರೆ ಎಸ್‌ಎಂಎಸ್ಸೇ ಬರಂಗಿಲ್ಲ, ಪರಿವಾಹನದಲ್ಲಿ ಮೊದಲು ಅದನ್ನ ಬದಲಿಸ್ರಿ. ಕಾರು ಮಾರಿದವರು ಆರ್‌ಸಿ ವರ್ಗಾವಣೆ ಮುಗಿದಿದೆಯಾ ಅಂತ ಖಾತ್ರಿ ಮಾಡ್ಕೊಳ್ರಿ. ಅಲ್ಲಿವರೆಗೆ ಹೊಸಬರು ಓಡಿಸಿದ್ರೂ ಚಲನ್ ನಿಮ್ಮ ಹೆಸರಿಗೇ ಬರ್ತದೆ.